ಸಂರಕ್ಷಣಾ ಆದೇಶದ ನಕಲು: ಹೊರುವ ಹೊಣೆ ಯಾರದು?



ಈ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯ ನೋಡುವುದಕ್ಕೆ ಸಣ್ಣದು. ಕೌಟುಂಬಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಗಳೊಬ್ಬಳು ಮ್ಯಾಜಿಸ್ಟ್ರೇಟ್ ನ್ಯಾಯಾಲಯದಿಂದ ಸಂರಕ್ಷಣಾ ಆದೇಶ ಪಡೆಯುತ್ತಾಳೆ. ಅಂಥ ಆದೇಶ ತನ್ನ ಪರವಾಗಿ ಇದೆ ಎಂಬುದನ್ನು ಆಕೆ ಬೇಕಾದ ಹೊತ್ತಿನಲ್ಲಿ, ಬೇಕಾದ ಜಾಗದಲ್ಲಿ, ನೋಡಬೇಕಾದವರಿಗೆ ಹೇಗೆ ತೋರಿಸುತ್ತಾಳೆ? ಪ್ರಶ್ನೆ ಇಷ್ಟೇ. ಹಕ್ಕುಗಳ ತಾತ್ವಿಕ ಚರ್ಚೆಯಲ್ಲಿ ಇದಕ್ಕೆ ಜಾಗ ಸಿಗುವುದು ಅಪರೂಪ. ನಕಲು, ಮೊಹರು, ಸ್ವೀಕೃತಿ ಇವೆಲ್ಲ ಕಚೇರಿಯ ಗುಮಾಸ್ತರು ನೋಡಿಕೊಳ್ಳುವ ಸಂಗತಿ ಎಂದು ನಾವು ಮುಂದೆ ಹೋಗಿಬಿಡುತ್ತೇವೆ. ಆದರೆ ರಾತ್ರಿ ಬಂದು ಬಾಗಿಲು ಬಡಿಯುವವನ ಎದುರು ಕಾಯ್ದೆಯ ಪೀಠಿಕೆ ಕೆಲಸಕ್ಕೆ ಬರುವುದಿಲ್ಲ. ಠಾಣೆಯ ಮೇಜಿನ ಮೇಲೆ ಇಟ್ಟು ತೋರಿಸಬಹುದಾದ ಎರಡು ಹಾಳೆ ಕೆಲಸಕ್ಕೆ ಬರುತ್ತದೆ.

ಆ ಹಾಳೆಗಳನ್ನು ಆಕೆ ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕು ಎಂದು ನಾನು ಇಂದು ಹೇಳಲಿದ್ದೇನೆ. ಅಷ್ಟೇ ಗಟ್ಟಿಯಾಗಿ ಇನ್ನೊಂದು ಮಾತನ್ನೂ ಹೇಳಲಿದ್ದೇನೆ: ಕಾಯ್ದೆ ಆಕೆಗೆ ಇಂಥ ಕರ್ತವ್ಯವನ್ನು ವಿಧಿಸಿಲ್ಲ. ವ್ಯವಸ್ಥೆ ತನ್ನ ಕೆಲಸವನ್ನು ಅರ್ಧಕ್ಕೆ ಬಿಟ್ಟಿರುವುದರಿಂದ ಅದು ಆಕೆಯ ಹೆಗಲಿಗೆ ಬಂದಿದೆ. ಈ ಎರಡು ಮಾತುಗಳನ್ನು ಒಟ್ಟಿಗೆ ಹಿಡಿದುಕೊಂಡು ಮುಂದುವರಿಯಬೇಕೆಂದು ನಿಮ್ಮಲ್ಲಿ ಕೋರುತ್ತೇನೆ.

ಮೊದಲು ಹಿನ್ನೆಲೆ. 1983ರಲ್ಲಿ ಭಾರತೀಯ ದಂಡ ಸಂಹಿತೆಗೆ 498ಎ ಕಲಂ ಸೇರಿತು. ಗಂಡ ಮತ್ತು ಅವನ ಬಂಧುಗಳ ಕ್ರೌರ್ಯ ಅಪರಾಧವಾಯಿತು. ಇಂದು ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳಲ್ಲಿದೆ. ಆದರೆ ಶಿಕ್ಷೆಯ ಕಾನೂನು ನಡೆದುಹೋದದ್ದನ್ನು ವಿಚಾರಿಸುತ್ತದೆ. ನಾಳೆ ನಡೆಯಬಹುದಾದದ್ದನ್ನು ತಡೆಯುವ ಶಕ್ತಿ ಅದಕ್ಕೆ ಕಡಿಮೆ. ತಡೆ ಬೇಕೆಂದರೆ ಸಿವಿಲ್ ನ್ಯಾಯಾಲಯದ ನಿರ್ಬಂಧಕಾಜ್ಞೆಗೆ ಹೋಗಬೇಕಿತ್ತು. ಅದನ್ನು ಗಂಡ ಮುರಿದರೆ ಮತ್ತೆ ಅದೇ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ನೋಟಿಸ್ ಜಾರಿ ಮಾಡಿಸಿ, ಆಸ್ತಿ ಜಪ್ತಿಯನ್ನೋ ಸಿವಿಲ್ ಸೆರೆಯನ್ನೋ ಕೇಳಬೇಕಿತ್ತು. ಪೊಲೀಸರಿಗೆ ಅಲ್ಲಿ ಪಾತ್ರವೇ ಇರಲಿಲ್ಲ. ಮನೆಯೊಳಗಿನ ಹೊಡೆತಕ್ಕೆ ಇದು ಪರಿಹಾರವಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮಹಿಳಾ ಸಂಘಟನೆಗಳ ಮತ್ತು ಮಹಿಳಾ ವಕೀಲರ ದೀರ್ಘ ಒತ್ತಾಯದ ಫಲವಾಗಿ ಬಂದದ್ದು ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005. ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಈ ಕಾಯ್ದೆಯ ಹೊಸತನ ಅದರ ರಚನೆಯಲ್ಲಿದೆ. ಪರಿಹಾರ ಕೇಳುವ ದಾರಿ ಸಿವಿಲ್ ಸ್ವರೂಪದ್ದು. ಸಿಕ್ಕಿದ ಸಂರಕ್ಷಣೆಯನ್ನು ಮುರಿದರೆ ಮಾತ್ರ ಅದು ಅಪರಾಧ. ಹೆಣ್ಣು ಗಂಡನನ್ನು ಜೈಲಿಗೆ ಕಳಿಸದೆಯೂ ಹೊಡೆತ ನಿಲ್ಲಿಸಿಕೊಳ್ಳಬಹುದು. ಅವನು ನಿಲ್ಲಿಸದಿದ್ದರೆ ಜೈಲಿನ ಬಾಗಿಲು ತೆರೆದಿರುತ್ತದೆ. ಹೆಂಡತಿ ಮಾತ್ರವಲ್ಲ, ಒಂದೇ ಸೂರಿನಡಿ ಬದುಕುವ ತಾಯಿ, ಅಕ್ಕತಂಗಿ, ಮಗಳು, ಮದುವೆಯ ಸ್ವರೂಪದ ಸಹಬಾಳ್ವೆಯಲ್ಲಿರುವವಳು ಎಲ್ಲರೂ ಇದರ ರಕ್ಷಣೆಗೆ ಬರುತ್ತಾರೆ. ಎದುರುದಾರರು ವಯಸ್ಕ ಪುರುಷರೇ ಆಗಿರಬೇಕೆಂಬ ಮಿತಿಯನ್ನು ಸುಪ್ರೀಂ ಕೋರ್ಟ್ 2016ರಲ್ಲಿ ತೆಗೆದುಹಾಕಿತು.

ಸಂರಕ್ಷಣಾ ಆದೇಶ ಏನನ್ನು ನಿಷೇಧಿಸುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಕಲು ಯಾರ ಯಾರ ಬಳಿ ಇರಬೇಕು ಎಂಬುದಕ್ಕೆ ಉತ್ತರ ಅಲ್ಲೇ ಇದೆ. 18ನೇ ಕಲಂ ಪ್ರಕಾರ ಎದುರುದಾರನು ದೌರ್ಜನ್ಯ ಎಸಗದಂತೆ, ಎಸಗಲು ಇತರರಿಗೆ ಕುಮ್ಮಕ್ಕು ಕೊಡದಂತೆ ಮ್ಯಾಜಿಸ್ಟ್ರೇಟರು ತಡೆಯಬಹುದು. ಆಕೆ ಕೆಲಸ ಮಾಡುವ ಜಾಗಕ್ಕೆ ಹೋಗದಂತೆ, ನೊಂದವಳು ಚಿಕ್ಕ ಹುಡುಗಿಯಾಗಿದ್ದರೆ ಅವಳ ಶಾಲೆಗೆ ಹೋಗದಂತೆ ತಡೆಯಬಹುದು. ಮುಖತಃ, ಪತ್ರದಲ್ಲಿ, ಫೋನಿನಲ್ಲಿ, ಸಂದೇಶಗಳಲ್ಲಿ ಸಂಪರ್ಕಿಸದಂತೆ ತಡೆಯಬಹುದು. ಜಂಟಿ ಬ್ಯಾಂಕ್ ಖಾತೆ, ಲಾಕರು, ಆಕೆಯ ಸ್ತ್ರೀಧನ ಇವನ್ನು ಮುಟ್ಟದಂತೆ ತಡೆಯಬಹುದು. ಆಕೆಗೆ ನೆರವಾದ ಬಂಧುಗಳಿಗೆ, ನೆರೆಯವರಿಗೆ ತೊಂದರೆ ಕೊಡದಂತೆಯೂ ತಡೆಯಬಹುದು. ಅಂದರೆ ಈ ಒಂದು ಆದೇಶವನ್ನು ಓದಿ ಅದರಂತೆ ನಡೆಯಬೇಕಾದವರು ಪೊಲೀಸರೊಬ್ಬರೇ ಅಲ್ಲ. ಗಾರ್ಮೆಂಟ್ ಕಾರ್ಖಾನೆಯ ಗೇಟಿನ ಕಾವಲುಗಾರ, ಶಾಲೆಯ ಮುಖ್ಯೋಪಾಧ್ಯಾಯಿನಿ, ಬ್ಯಾಂಕಿನ ಶಾಖಾ ವ್ಯವಸ್ಥಾಪಕ, ಅಪಾರ್ಟ್‌ಮೆಂಟಿನ ಸೆಕ್ಯುರಿಟಿ, ತವರಿನಲ್ಲಿರುವ ಅಣ್ಣ, ಇವರೆಲ್ಲರೂ ಅದರ ಓದುಗರು.

ಈ ಆದೇಶವನ್ನು ಮುರಿದರೆ 31ನೇ ಕಲಂ ಅನ್ವಯಿಸುತ್ತದೆ: ಒಂದು ವರ್ಷದವರೆಗೆ ಸೆರೆ, ಇಲ್ಲವೆ 20,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. 32ನೇ ಕಲಂ ಇದನ್ನು ಸಂಜ್ಞೇಯ ಮತ್ತು ಜಾಮೀನು ರಹಿತ ಅಪರಾಧ ಎನ್ನುತ್ತದೆ. ಎಫ್‌ಐಆರ್ ದಾಖಲಿಸಲು ಪೊಲೀಸರು ಮತ್ತೆ ಮ್ಯಾಜಿಸ್ಟ್ರೇಟರ ಅನುಮತಿಗೆ ಕಾಯಬೇಕಿಲ್ಲ. ಬಂಧನ ಪ್ರತಿ ಪ್ರಕರಣದಲ್ಲೂ ಕಡ್ಡಾಯವಲ್ಲ, ಅದು ಬೇರೆ ಮಾತು. ದೂರು ದಾಖಲಿಸುವುದು ಕಡ್ಡಾಯ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿ ಹೇಳಿದೆ. ತಮ್ಮ ಸರಹದ್ದಿನಲ್ಲಿ ನಡೆಯದಿದ್ದರೂ ದೂರು ಸ್ವೀಕರಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ಜನ ಇದನ್ನೇ ಜೀರೋ ಎಫ್‌ಐಆರ್ ಎನ್ನುತ್ತಾರೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. 31ನೇ ಕಲಂನ ಅಪರಾಧ ನಡೆದಿದೆಯೇ ಎಂದು ತೀರ್ಮಾನಿಸುವಾಗ ನೊಂದ ಮಹಿಳೆಯ ಸಾಕ್ಷ್ಯವೊಂದೇ ಸಾಕು ಎಂದು ನ್ಯಾಯಾಲಯ ಒಪ್ಪಬಹುದು. 32ನೇ ಕಲಂನ ಎರಡನೇ ಉಪಕಲಂ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಶಿಕ್ಷೆ ಕೊಡುವ ನ್ಯಾಯಾಲಯ ಆಕೆಯ ಮಾತನ್ನು ನಂಬಬಹುದಾದರೆ, ದೂರು ಬರೆದುಕೊಳ್ಳುವ ಠಾಣೆ ಆಕೆಯ ಮಾತನ್ನು ಏಕೆ ನಂಬಬಾರದು? ಆದೇಶದ ನಕಲು ಕೈಯಲ್ಲಿಲ್ಲ ಎಂಬ ಕಾರಣಕ್ಕೆ ಆಕೆಯನ್ನು ಹಿಂದಕ್ಕೆ ಕಳುಹಿಸುವುದಕ್ಕೆ ಈ ಕಾಯ್ದೆಯ ಯಾವ ಕಲಂನಲ್ಲೂ ಆಧಾರವಿಲ್ಲ.

ಆದರೂ ಕಳುಹಿಸುತ್ತಾರೆ. ‘ಇದು ಕೋರ್ಟಿನ ವಿಷಯ, ವಕೀಲರನ್ನು ಕಾಣಿರಿ’ ಎನ್ನುತ್ತಾರೆ. ‘ಮನೆ ಜಗಳ, ಕೂತು ಮಾತಾಡಿ’ ಎನ್ನುತ್ತಾರೆ. ಹೆಚ್ಚೆಂದರೆ ಒಂದು ಹಿಂಬರಹ ಕೊಡುತ್ತಾರೆ. ಕೌಟುಂಬಿಕ ಪ್ರಕರಣಗಳಲ್ಲಿ ಓಡಾಡಿದ ವಕೀಲರಿಗೂ ಸಾಂತ್ವನ ಕೇಂದ್ರಗಳ ಕಾರ್ಯಕರ್ತೆಯರಿಗೂ ಈ ಮಾತುಗಳು ಬಾಯಿಪಾಠವಾಗಿವೆ. ನಕಲು ಎದುರಿಗಿದ್ದರೆ ಈ ಮಾತುಗಳಲ್ಲಿ ಅರ್ಧ ಹುಟ್ಟುವುದೇ ಇಲ್ಲ. ಮೊಹರಿನ ಕೆಳಗೆ ಮ್ಯಾಜಿಸ್ಟ್ರೇಟರ ಸಹಿ ನೋಡಿದ ಪಿಎಸ್‌ಐ, ಇದನ್ನು ಮನೆ ಜಗಳವೆಂದು ಕರೆದರೆ ನಾಳೆ ತಾನೇ ಉತ್ತರ ಹೇಳಬೇಕಾಗುತ್ತದೆ ಎಂದು ಅರಿಯುತ್ತಾರೆ. ನಕಲನ್ನು ಜೊತೆಯಲ್ಲಿಡಿ ಎಂಬ ಸಲಹೆಯ ಬಲ ಇಲ್ಲಿದೆ. ಅದು ನ್ಯಾಯಬದ್ಧವೆಂಬ ಕಾರಣಕ್ಕೆ ನಾನು ಈ ಸಲಹೆ ಕೊಡುತ್ತಿಲ್ಲ. ಇಂದಿನ ಸ್ಥಿತಿಯಲ್ಲಿ ಅದು ಪ್ರಾಣ ಉಳಿಸಬಹುದು ಎಂಬ ಕಾರಣಕ್ಕೆ ಕೊಡುತ್ತಿದ್ದೇನೆ.

ಈಗ ವಿಷಯದ ತಿರುಳಿಗೆ ಬರುತ್ತೇನೆ. ನಕಲಿನ ಬಗ್ಗೆ ಕಾಯ್ದೆ ಮೌನವಾಗಿಲ್ಲ. 24ನೇ ಕಲಂ ಪ್ರಕಾರ ಆದೇಶದ ಪ್ರತಿಯನ್ನು ನ್ಯಾಯಾಲಯವೇ ಉಚಿತವಾಗಿ ಕೊಡಬೇಕು: ಅರ್ಜಿಯ ಎರಡೂ ಪಕ್ಷಗಳಿಗೆ, ಪೊಲೀಸ್ ಠಾಣಾಧಿಕಾರಿಗೆ, ಆ ನ್ಯಾಯಾಲಯದ ವ್ಯಾಪ್ತಿಯಲ್ಲಿರುವ ಸೇವಾದಾತ ಸಂಸ್ಥೆಗೆ. ಯಾವ ಠಾಣೆಗೆ? ಅರ್ಜಿ ಸಲ್ಲಿಸಿದ ಮ್ಯಾಜಿಸ್ಟ್ರೇಟರ ವ್ಯಾಪ್ತಿಯ ಠಾಣೆಗೆ. ಇನ್ನೊಂದೆಡೆ 27ನೇ ಕಲಂ, ಈ ಕಾಯ್ದೆಯಡಿ ಮಾಡಿದ ಆದೇಶ ಭಾರತದಾದ್ಯಂತ ಜಾರಿಯಾಗತಕ್ಕದ್ದು ಎನ್ನುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ. ಆದೇಶದ ಬಲ ಇಡೀ ದೇಶಕ್ಕೆ, ಆದೇಶದ ಪ್ರತಿ ಒಂದು ಠಾಣೆಗೆ.

ದೌರ್ಜನ್ಯಕ್ಕೆ ಒಳಗಾದ ಹೆಣ್ಣು ಇದ್ದಲ್ಲೇ ಇರುವುದಿಲ್ಲ. ಕಲಬುರಗಿಯಲ್ಲಿ ಆದೇಶ ಪಡೆದವಳು ಅಕ್ಕನ ಮನೆಯೆಂದು ಬೆಂಗಳೂರಿನ ಪೀಣ್ಯಕ್ಕೆ ಬರುತ್ತಾಳೆ, ಹೊಲಿಗೆ ಕೆಲಸಕ್ಕೆ ಸೇರುತ್ತಾಳೆ. ಗಂಡ ಹುಡುಕಿಕೊಂಡು ಬರುವುದು ಪೀಣ್ಯಕ್ಕೆ. ಆದೇಶದ ಪ್ರತಿ ಇರುವುದು ಕಲಬುರಗಿಯ ಠಾಣೆಯ ಕಡತದಲ್ಲಿ. ವಿಜಯಪುರದ ಹುಡುಗಿಯನ್ನು ಸೊಲ್ಲಾಪುರಕ್ಕೆ, ಬೆಳಗಾವಿಯವಳನ್ನು ಕೊಲ್ಹಾಪುರಕ್ಕೆ, ಚಾಮರಾಜನಗರದವಳನ್ನು ಈರೋಡಿಗೆ ಕೊಟ್ಟಿರುತ್ತಾರೆ. ತವರಿಗೆ ಬಂದು ಇಲ್ಲಿಯ ನ್ಯಾಯಾಲಯದಲ್ಲಿ ಆದೇಶ ಪಡೆಯುವ ಹಕ್ಕು ಆಕೆಗೆ ಇದೆ. ತಾತ್ಕಾಲಿಕವಾಗಿ ವಾಸಿಸುವ ಊರಿನಲ್ಲೂ ಅರ್ಜಿ ಹಾಕಬಹುದು ಎಂದು ಕಾಯ್ದೆ ಉದಾರವಾಗಿ ಹೇಳಿದೆ. ಆದರೆ ಆಕೆ ಗಡಿ ದಾಟಿ ಮಕ್ಕಳ ಸಾಮಾನು ತರಲು ಹೋದ ದಿನ, ಕನ್ನಡದಲ್ಲಿ ಬರೆದ ಆದೇಶವನ್ನು ಮರಾಠಿ ಅಥವಾ ತಮಿಳು ಓದುವ ಠಾಣೆ ಹೇಗೆ ಓದಬೇಕು? ಈ ಕಲಂಗಳ ನಡುವೆ ಉಳಿದ ಕಂದಕವನ್ನು ಆಕೆ ತನ್ನ ಕೈಚೀಲದಲ್ಲಿ ಹೊತ್ತು ತಿರುಗಬೇಕಾಗಿದೆ.

ಬೇರೆ ದೇಶಗಳು ಇದೇ ಕಂದಕವನ್ನು ಹೇಗೆ ಎದುರಿಸಿದವು ಎಂದು ನೋಡುವುದು ಉಪಯುಕ್ತ. ಇಂಗ್ಲೆಂಡಿನಲ್ಲಿ ಕೌಟುಂಬಿಕ ನ್ಯಾಯಾಲಯಗಳ ಕಾರ್ಯವಿಧಾನ ನಿಯಮಗಳ ಪ್ರಕಾರ ಕಿರುಕುಳ ನಿಷೇಧ ಆದೇಶದ ಪ್ರತಿ ಹೋಗಬೇಕಾದದ್ದು ಅರ್ಜಿದಾರಳ ವಿಳಾಸಕ್ಕೆ ಸೇರಿದ ಠಾಣೆಗೆ, ಅಥವಾ ನ್ಯಾಯಾಲಯ ಹೆಸರಿಸುವ ಬೇರೆ ಠಾಣೆಗೆ. ಜೊತೆಗೆ ಎದುರುದಾರನಿಗೆ ಆದೇಶ ಜಾರಿಯಾಗಿದೆ ಎಂಬ ಹೇಳಿಕೆಯೂ ಹೋಗಬೇಕು. ವ್ಯತ್ಯಾಸ ಚಿಕ್ಕದಾಗಿ ಕಂಡರೂ ದೊಡ್ಡದು. ಅಲ್ಲಿ ಪ್ರತಿ ಹಿಂಬಾಲಿಸುವುದು ಹೆಣ್ಣನ್ನು. ನಮ್ಮಲ್ಲಿ ಹಿಂಬಾಲಿಸುವುದು ನ್ಯಾಯಾಲಯವನ್ನು.

ಅಮೆರಿಕ 1994ರಲ್ಲಿ ಮಹಿಳೆಯರ ಮೇಲಿನ ಹಿಂಸೆ ತಡೆ ಕಾಯ್ದೆ ಮಾಡಿದಾಗ, ಒಂದು ರಾಜ್ಯದ ಸಂರಕ್ಷಣಾ ಆದೇಶವನ್ನು ಇನ್ನೊಂದು ರಾಜ್ಯ ತನ್ನದೇ ಆದೇಶದಂತೆ ಜಾರಿ ಮಾಡಬೇಕೆಂದು ವಿಧಿಸಿತು. ಪೊಲೀಸರ ರಾಷ್ಟ್ರೀಯ ಮಾಹಿತಿ ಕೋಶದಲ್ಲಿ ಇಂಥ ಆದೇಶಗಳಿಗೆ ಪ್ರತ್ಯೇಕ ಕಡತ ತೆರೆಯಿತು. ಆದರೂ ದಾರಿಯಲ್ಲಿ ನಿಂತ ಹೆಣ್ಣಿನ ಕೈಯಲ್ಲಿ ಏನಿರಬೇಕು ಎಂಬ ಪ್ರಶ್ನೆ ಉಳಿಯಿತು. ಮೊಂಟಾನಾ ರಾಜ್ಯದ ಕ್ರೋ ಬುಡಕಟ್ಟಿನ ಮೀಸಲು ಪ್ರದೇಶದಲ್ಲಿ ಇದಕ್ಕೆ ಒಂದು ಉತ್ತರ ಹೊಳೆಯಿತು. ಪರ್ಸಿನಲ್ಲಿ ಹಿಡಿಸುವ ಗಟ್ಟಿ ಕಾರ್ಡು: ಅದರಲ್ಲಿ ಆದೇಶದ ಸಂಖ್ಯೆ, ಎದುರುದಾರನ ಗುರುತು, ಯಾರಿಗೆ ರಕ್ಷಣೆ, ಎಂದಿನವರೆಗೆ. ಹೋಪ್ ಕಾರ್ಡ್ ಎಂದು ಅದರ ಹೆಸರು. 2010ರಲ್ಲಿ ಮೊಂಟಾನಾ ಅದನ್ನು ಇಡೀ ರಾಜ್ಯಕ್ಕೆ ವಿಸ್ತರಿಸಿತು, ಇನ್ನೂ ಕೆಲವು ರಾಜ್ಯಗಳು ಹಿಂಬಾಲಿಸಿದವು. ಕಾರ್ಡು ಆದೇಶದ ಬದಲಿಯಲ್ಲ. ಇಂಥದೊಂದು ಆದೇಶ ಇದೆ, ಪರಿಶೀಲಿಸಿ ಎಂದು ಬೆರಳು ತೋರುವ ಸಾಧನ.

ಅದೇ ದೇಶದಿಂದ ಒಂದು ಕಹಿ ಪಾಠವೂ ಇದೆ. ಕೊಲರಾಡೋದ ಕ್ಯಾಸಲ್ ರಾಕ್ ಪಟ್ಟಣದಲ್ಲಿ 1999ರಲ್ಲಿ ತಾಯಿಯೊಬ್ಬಳು ಸಂರಕ್ಷಣಾ ಆದೇಶ ಹಿಡಿದು, ಗಂಡ ಮಕ್ಕಳನ್ನು ಕರೆದೊಯ್ದಿದ್ದಾನೆಂದು ಪೊಲೀಸರನ್ನು ಒಂದೇ ಸಂಜೆ ಮತ್ತೆ ಮತ್ತೆ ಬೇಡಿಕೊಂಡಳು. ಅವರು ಅಲುಗಲಿಲ್ಲ. ಮೂವರು ಹೆಣ್ಣುಮಕ್ಕಳೂ ಸತ್ತರು. ಆದೇಶವನ್ನು ಪೊಲೀಸರು ಜಾರಿ ಮಾಡಲೇಬೇಕೆಂದು ಕೇಳುವ ಸಾಂವಿಧಾನಿಕ ಹಕ್ಕು ಆಕೆಗಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು. ನಮ್ಮ ಸಂಸತ್ತು ಈ ಕಾಯ್ದೆಯನ್ನು ಅಂಗೀಕರಿಸಿದ್ದೂ ಅದೇ ವರ್ಷ. ಅಮೆರಿಕ ಖಂಡದ ಮಾನವ ಹಕ್ಕುಗಳ ಆಯೋಗ 2011ರಲ್ಲಿ ಅಮೆರಿಕ ದೇಶವನ್ನೇ ತಪ್ಪಿತಸ್ಥವೆಂದು ತೀರ್ಮಾನಿಸಿತು. ನಕಲು ಕೈಯಲ್ಲಿದ್ದ ಮಾತ್ರಕ್ಕೆ ರಕ್ಷಣೆ ಬರುವುದಿಲ್ಲ. ಅದನ್ನು ಓದಿ ಎದ್ದು ನಿಲ್ಲುವ ಅಧಿಕಾರಿ ಬೇಕು. ಕಾರ್ಡು ಮಾಡಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಭಾವಿಸುವವರು ಈ ಪ್ರಕರಣವನ್ನು ಓದಬೇಕು.

ನಮ್ಮ ನ್ಯಾಯಾಲಯಗಳ ದಿನನಿತ್ಯದ ಅನುಭವದಿಂದ ಕೆಲವು ಸಂಗತಿಗಳನ್ನು ಹೇಳುತ್ತೇನೆ. ಕಾನೂನು ವಿದ್ಯಾರ್ಥಿಗಳು ದಯವಿಟ್ಟು ಇವುಗಳನ್ನು ಬರೆದುಕೊಳ್ಳಿ.

ಬಹುಪಾಲು ಹೆಣ್ಣುಮಕ್ಕಳ ಕೈಗೆ ಮೊದಲು ಸಿಗುವುದು 23ನೇ ಕಲಂನ ಮಧ್ಯಂತರ ಆದೇಶ. ಎದುರುದಾರನ ಮಾತು ಕೇಳುವ ಮೊದಲೇ ಕೊಡುವ ಏಕಪಕ್ಷೀಯ ಆದೇಶವೂ ಇದರಲ್ಲಿ ಸೇರುತ್ತದೆ. ಅದು ಎಷ್ಟೋ ಸಲ ‘ಮುಂದಿನ ದಿನಾಂಕದವರೆಗೆ’ ಎಂದಿರುತ್ತದೆ. ಮುಂದಿನ ದಿನಾಂಕದಂದು ಅದನ್ನು ವಿಸ್ತರಿಸಿದ್ದು ಆದೇಶ ಹಾಳೆಯಲ್ಲಿ ಒಂದು ಸಾಲಾಗಿ ದಾಖಲಾಗುತ್ತದೆ, ಹೊಸ ಪ್ರತಿ ಯಾರ ಕೈಗೂ ಬರುವುದಿಲ್ಲ. ಠಾಣೆಯವರು ಹಳೆಯ ದಿನಾಂಕ ನೋಡಿ, ಅವಧಿ ಮುಗಿದಿದೆ ಎನ್ನುತ್ತಾರೆ. ಆದ್ದರಿಂದ ಮೂಲ ಆದೇಶದೊಂದಿಗೆ ಇತ್ತೀಚಿನ ಆದೇಶ ಹಾಳೆಯ ದೃಢೀಕೃತ ನಕಲೂ ಇರಬೇಕು.

ಅಂತಿಮ ಆದೇಶದ ಸ್ಥಿತಿ ಬೇರೆ. 25ನೇ ಕಲಂ ಪ್ರಕಾರ 18ನೇ ಕಲಂನ ಸಂರಕ್ಷಣಾ ಆದೇಶ, ನೊಂದವಳು ತಾನೇ ಅದನ್ನು ರದ್ದುಪಡಿಸಲು ಕೇಳುವವರೆಗೂ ಜಾರಿಯಲ್ಲಿರುತ್ತದೆ. ಸನ್ನಿವೇಶ ಬದಲಾಗಿದೆ ಎಂದಾದರೆ ಅರ್ಜಿ ಪಡೆದು, ಕಾರಣ ಬರೆದು ಮ್ಯಾಜಿಸ್ಟ್ರೇಟರು ಬದಲಾಯಿಸಬಹುದು. ಹಿರಿಯರು ಸೇರಿ ರಾಜಿ ಮಾಡಿಸಿದರು, ಆಕೆ ಒಂದು ತಿಂಗಳು ಗಂಡನ ಮನೆಗೆ ಹೋಗಿ ಬಂದಳು ಎಂದಾಕ್ಷಣ ಆದೇಶ ತಾನಾಗಿ ಸಾಯುವುದಿಲ್ಲ. ಹತ್ತು ವರ್ಷದ ಹಿಂದಿನ, ಮಡಿಕೆಯಲ್ಲಿ ಹರಿದ ಪ್ರತಿ ಕೂಡ ಜೀವಂತ ಆದೇಶವಾಗಿರಬಹುದು. ಹಳೆಯದೆಂದು ತಳ್ಳುವ ಮೊದಲು ಠಾಣಾಧಿಕಾರಿ ನ್ಯಾಯಾಲಯವನ್ನು ವಿಚಾರಿಸಬೇಕು.

ಇನ್ನು ಜಾರಿಯ ಪುರಾವೆ. ಆದೇಶ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ ಎಂಬುದು ಎದುರುದಾರನ ಮೊದಲ ವಾದ. ಅವನಿಗೆ ಆದೇಶ ತಲುಪಿದ ದಿನದ ಸ್ವೀಕೃತಿ, ಸಂರಕ್ಷಣಾಧಿಕಾರಿಯ ವರದಿ ಅಥವಾ ಅವನ ವಕೀಲರು ಹಾಜರಿದ್ದರೆಂಬ ದಾಖಲೆ, ಇವುಗಳಲ್ಲೊಂದು ಆದೇಶದ ಜೊತೆಯಲ್ಲೇ ಇದ್ದರೆ ಆ ವಾದ ಅಲ್ಲಿಗೇ ನಿಲ್ಲುತ್ತದೆ. ಇದನ್ನು ಬಹಳ ವಕೀಲರು ಮರೆಯುತ್ತಾರೆ.

ಎಲ್ಲ ಆದೇಶಗಳೂ ಒಂದೇ ಅಲ್ಲ ಎಂಬುದನ್ನೂ ಆಕೆಗೆ ತಿಳಿಸಿರಬೇಕು. ಒಂದೇ ತೀರ್ಪಿನಲ್ಲಿ ಸಂರಕ್ಷಣೆ, ಮನೆಯಲ್ಲಿ ವಾಸದ ಹಕ್ಕು, ಜೀವನಾಂಶ, ಮಕ್ಕಳ ಸುಪರ್ದಿ ಎಲ್ಲವೂ ಇರಬಹುದು. 31ನೇ ಕಲಂ ಹೇಳುವುದು ಸಂರಕ್ಷಣಾ ಆದೇಶದ ಉಲ್ಲಂಘನೆಯನ್ನು. ಜೀವನಾಂಶ ಕೊಡದಿರುವುದಕ್ಕೆ ಆ ಕಲಂ ಅನ್ವಯಿಸದು ಎಂದು ಕೆಲವು ಹೈಕೋರ್ಟುಗಳು ಹೇಳಿವೆ. ಅದರ ವಸೂಲಿಗೆ ಬೇರೆ ದಾರಿಯಿದೆ. ಠಾಣೆಯಲ್ಲಿ ಆಕೆ ತೋರಿಸಬೇಕಾದ ಸಾಲು ಯಾವುದೆಂದು ವಕೀಲರು ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟರೂ ದೊಡ್ಡ ಉಪಕಾರ.

ವಿದೇಶದಲ್ಲಿರುವ ಕನ್ನಡ ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಗಂಡನ ವೀಸಾದ ಮೇಲೆ ಹೋದವಳು ಅಲ್ಲಿಯ ನ್ಯಾಯಾಲಯದಿಂದ ಆದೇಶ ಪಡೆದು ಊರಿಗೆ ಮರಳಿದರೆ, ಆ ಆದೇಶ ಇಲ್ಲಿ ನೇರವಾಗಿ ಜಾರಿಯಾಗುವುದಿಲ್ಲ. ಇಲ್ಲಿ 12ನೇ ಕಲಂ ಅಡಿ ಹೊಸದಾಗಿ ಅರ್ಜಿ ಹಾಕಬೇಕು. ಅಲ್ಲಿಯ ಆದೇಶದ ದೃಢೀಕೃತ ಪ್ರತಿ ಆಗ ಬಲವಾದ ಸಾಕ್ಷ್ಯವಾಗುತ್ತದೆ. ಹೊರಡುವ ಮುಂಚೆ ಅದನ್ನು ತೆಗೆದುಕೊಂಡು ಬರುವುದು ಮುಖ್ಯ.

ನಕಲನ್ನು ಎಲ್ಲಿ ಇಡಬೇಕು ಎಂಬುದು ಸರಳ ಪ್ರಶ್ನೆಯಲ್ಲ. ಎದುರುದಾರನೊಂದಿಗೆ ಒಂದೇ ಮನೆಯಲ್ಲಿರುವವಳ ಬೀರುವಿನಲ್ಲಿಟ್ಟ ಪ್ರತಿ ಅವನ ಕೈಗೆ ಸಿಕ್ಕರೆ ಒಲೆ ಸೇರುತ್ತದೆ, ಹೊಡೆತಕ್ಕೂ ಕಾರಣವಾಗುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದಿಡಿ ಎನ್ನುತ್ತೇವೆ. ಆ ಮೊಬೈಲಿನ ಬೀಗ ತೆರೆಯುವ ಗುಟ್ಟು ಅವನಿಗೆ ಗೊತ್ತಿರುತ್ತದೆ. ಆದ್ದರಿಂದ ಒಂದು ಪ್ರತಿ ಸಾಲದು. ಒಂದು ಆಕೆಯ ಬಳಿ, ಒಂದು ತವರಿನಲ್ಲಿ ಅಥವಾ ನಂಬಿಕಸ್ಥ ನೆರೆಯವರಲ್ಲಿ, ಒಂದು ಕೆಲಸದ ಜಾಗದಲ್ಲಿ, ಒಂದು ಮಕ್ಕಳ ಶಾಲೆಯಲ್ಲಿ, ಒಂದು ಈಗ ವಾಸಿಸುವ ಊರಿನ ಠಾಣೆಯಲ್ಲಿ ಸ್ವೀಕೃತಿ ಮೊಹರಿನೊಂದಿಗೆ ಇರಲಿ. ಎಲ್ಲವೂ ಕಳೆದುಹೋದರೂ ಪ್ರಕರಣದ ಸಂಖ್ಯೆ ಬಾಯಿಪಾಠವಾಗಿರಲಿ. ಇ-ಕೋರ್ಟ್ಸ್ ವ್ಯವಸ್ಥೆಯಲ್ಲಿ ಪ್ರತಿ ಪ್ರಕರಣಕ್ಕೂ 16 ಅಕ್ಷರಾಂಕಿಗಳ ಸಿಎನ್‌ಆರ್ ಸಂಖ್ಯೆ ಇದೆ. ಅದೊಂದಿದ್ದರೆ ದಾಖಲೆ ಹುಡುಕುವುದು ಸುಲಭ.

ಪ್ರತಿಯನ್ನು ತೋರಿಸುವುದರಲ್ಲಿ ಮಾನದ ಪ್ರಶ್ನೆಯೂ ಇದೆ. ನನಗೆ ಇದು ಬಹಳ ಮುಖ್ಯವೆನಿಸುತ್ತದೆ. ಪೂರ್ಣ ಆದೇಶದಲ್ಲಿ ಆಕೆಯ ಬದುಕಿನ ಎಲ್ಲ ನೋವೂ ಅಚ್ಚಾಗಿರುತ್ತದೆ: ಎಲ್ಲಿ ಹೊಡೆದ, ಏನೆಂದು ಬೈದ, ಮಲಗುವ ಕೋಣೆಯಲ್ಲಿ ಏನು ನಡೆಯಿತು. ವಿಚಾರಣೆಯನ್ನು ಮುಚ್ಚಿದ ಬಾಗಿಲೊಳಗೆ ನಡೆಸಬಹುದೆಂದು 16ನೇ ಕಲಂ ಹೇಳುತ್ತದೆ. ನ್ಯಾಯಾಲಯದೊಳಗೆ ಅಷ್ಟು ಜತನದಿಂದ ಕಾಪಾಡಿದ ಸಂಗತಿಗಳನ್ನು ಆಕೆ ಕಾರ್ಖಾನೆಯ ಗೇಟಿನಲ್ಲಿ, ಅಪಾರ್ಟ್‌ಮೆಂಟಿನ ಕಾವಲು ಕೊಠಡಿಯಲ್ಲಿ ಬಿಚ್ಚಿ ತೋರಿಸಬೇಕೆ? ಕೆಲಸ ಕೊಟ್ಟವರು ಇವಳಿಂದ ರಗಳೆ ಎಂದು ಕೆಲಸದಿಂದ ತೆಗೆಯುವ ಭಯವೂ ಇದೆ. ಆಕೆಯ ಹೊಸ ವಿಳಾಸ ಆದೇಶದಲ್ಲಿ ನಮೂದಾಗಿದ್ದರೆ ಅದು ಎದುರುದಾರನ ಪ್ರತಿಯಲ್ಲೂ ಇರುತ್ತದೆ. ಆಶ್ರಯಧಾಮಗಳು ಆಕೆ ಬೇಡವೆಂದರೆ ಅವಳ ಇರವನ್ನು ಬಯಲು ಮಾಡುವಂತಿಲ್ಲ ಎಂದು ಈ ಕಾಯ್ದೆಯ 2006ರ ನಿಯಮಗಳು ಹೇಳುತ್ತವೆ. ನ್ಯಾಯಾಲಯದ ಕಾಗದವೇ ಅದನ್ನು ಬಯಲು ಮಾಡಬಾರದು.

ಆದ್ದರಿಂದ ನನ್ನ ಮೊದಲ ಸಲಹೆ, ಪ್ರತಿ ಸಂರಕ್ಷಣಾ ಆದೇಶದ ಜೊತೆಗೆ ಒಂದೇ ಪುಟದ ಸಾರಪತ್ರ ಕೊಡಬೇಕು. ಅದರಲ್ಲಿ ನ್ಯಾಯಾಲಯ, ಪ್ರಕರಣ ಸಂಖ್ಯೆ, ಇಬ್ಬರ ಹೆಸರು, ಏನೇನು ನಿಷಿದ್ಧ, ಆದೇಶ ಮಧ್ಯಂತರವೋ ಅಂತಿಮವೋ, ಎದುರುದಾರನಿಗೆ ಜಾರಿಯಾದ ದಿನ, ಉಲ್ಲಂಘನೆ ಸಂಜ್ಞೇಯ ಅಪರಾಧ ಎಂಬ ಒಂದು ಸಾಲು, ಮೊಹರು, ಸಹಿ ಇಷ್ಟಿದ್ದರೆ ಸಾಕು. ಆಕೆಯ ವಿಳಾಸ ಬೇಡ, ನಡೆದದ್ದರ ವಿವರ ಬೇಡ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ. ಗಡಿ ಜಿಲ್ಲೆಗಳಲ್ಲಿ ನೆರೆಭಾಷೆಯಲ್ಲೂ ಇರಲಿ. ಅದನ್ನೇ ಪರ್ಸಿನ ಅಳತೆಯ ಕಾರ್ಡಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮಾಡಿಸಿಕೊಡಬಹುದು.

ಎರಡನೆಯದು, ಪ್ರತಿ ಆಕೆಯನ್ನು ಹಿಂಬಾಲಿಸಬೇಕು. ಇದಕ್ಕೆ ಕಾಯ್ದೆಯಲ್ಲೇ ಎಡೆಯಿದೆ. ನಿವಾಸ ಆದೇಶ ಮಾಡುವಾಗ, ಆಕೆಗೆ ರಕ್ಷಣೆ ಕೊಡುವಂತೆ ಹತ್ತಿರದ ಠಾಣಾಧಿಕಾರಿಗೆ ನಿರ್ದೇಶಿಸಬಹುದು ಎಂದು 19ನೇ ಕಲಂ ಹೇಳುತ್ತದೆ. 24ನೇ ಕಲಂ ಒಂದು ಠಾಣೆಗೆ ಪ್ರತಿ ಕೊಡಲೇಬೇಕು ಎನ್ನುತ್ತದೆ. ಇನ್ನೊಂದಕ್ಕೆ ಕೊಡಬಾರದು ಎನ್ನುವುದಿಲ್ಲ. ಆಕೆ ಈಗ ಎಲ್ಲಿದ್ದಾಳೋ ಆ ಠಾಣೆಗೂ ಪ್ರತಿ ಹೋಗಲಿ ಎಂದು ವಕೀಲರು ಅರ್ಜಿಯಲ್ಲೇ ಕೇಳಬೇಕು.

ಮೂರನೆಯದು, ಆದೇಶ ಪೊಲೀಸರ ಗಣಕಯಂತ್ರದಲ್ಲಿರಬೇಕು. ರಸ್ತೆಯಲ್ಲಿ ವಾಹನ ತಡೆದ ಪೊಲೀಸರು ಚಾಲಕನ ಕೈಯಲ್ಲಿ ಕಾಗದ ಇಲ್ಲದಿದ್ದರೂ ನೋಂದಣಿ ಸಂಖ್ಯೆ ಒತ್ತಿ ವಿಮೆ ಇದೆಯೇ ಇಲ್ಲವೇ ಎಂದು ನಿಂತಲ್ಲೇ ನೋಡುತ್ತಾರೆ. ಸ್ಕೂಟರಿನ ವಿಮೆಗೆ ಸಾಧ್ಯವಾದದ್ದು ಹೆಣ್ಣಿನ ಪ್ರಾಣಕ್ಕೆ ಸಾಧ್ಯವಾಗಬೇಡವೆ? ಪೊಲೀಸ್ ಮತ್ತು ನ್ಯಾಯಾಲಯಗಳ ದಾಖಲೆಗಳನ್ನು ಬೆಸೆಯುವ ಜಾಲ ದೇಶದಲ್ಲಿ ಆಗಲೇ ಇದೆ. 112ಕ್ಕೆ ಕರೆ ಬಂದಾಗ ಆ ಹೆಸರಿನ ಮೇಲೆ ಸಂರಕ್ಷಣಾ ಆದೇಶ ಇದೆ ಎಂಬ ಸೂಚನೆ ಹೊಯ್ಸಳ ಗಸ್ತು ವಾಹನದ ಸಿಬ್ಬಂದಿಗೆ ಕಾಣಬೇಕು. ಅಂದು ನಕಲು ಹೊರುವ ಭಾರ ಆಕೆಯ ಹೆಗಲಿಂದ ಇಳಿಯುತ್ತದೆ.

ಸಂರಕ್ಷಣಾಧಿಕಾರಿಗಳ ವಿಷಯ ಬಿಟ್ಟು ಮುಂದೆ ಹೋಗಲಾರೆ. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಅಂಗನವಾಡಿಗಳ ಮೇಲ್ವಿಚಾರಣೆ, ಪೌಷ್ಟಿಕ ಆಹಾರ, ಹತ್ತಾರು ಯೋಜನೆಗಳ ಜೊತೆಗೆ ಈ ಕೆಲಸವೂ ಅವರದೇ. ಆದೇಶ ಉಲ್ಲಂಘನೆಯಾದರೆ ಆಕೆ ಮೊದಲು ಅವರಿಗೆ ಬರೆದುಕೊಡಬಹುದು. ಆ ದೂರನ್ನು ಆದೇಶದ ಪ್ರತಿಯೊಂದಿಗೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸುವುದು, ನೆರವು ಕೇಳಿದರೆ ಪೊಲೀಸರ ಸಹಾಯದಿಂದ ಆಕೆಯನ್ನು ಪಾರುಮಾಡುವುದು ನಿಯಮ 15ರ ಪ್ರಕಾರ ಅವರ ಕರ್ತವ್ಯ. ಅಂದರೆ ಪ್ರತಿ ಅವರ ಕಚೇರಿಯಲ್ಲಿ ಇರಲೇಬೇಕು; ಆಕೆ ಬರಿಗೈಲಿ ಓಡಿ ಬಂದರೂ ಅವರು ಅದನ್ನು ತೆಗೆಯಬಲ್ಲವರಾಗಿರಬೇಕು. ಜಿಲ್ಲಾ ಮತ್ತು ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸುವಂತೆ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎಲ್ಲ ರಾಜ್ಯಗಳಿಗೆ ನಿರ್ದೇಶಿಸಬೇಕಾಯಿತು. ಕಾಯ್ದೆ ಬಂದು ಎರಡು ದಶಕವಾಗುವ ಹೊತ್ತಿಗೂ ಇದನ್ನು ಹೇಳಿಸಿಕೊಳ್ಳಬೇಕಾದದ್ದು ನೋವಿನ ಸಂಗತಿ.

ಇದರ ಅಗತ್ಯ ಎಷ್ಟೆಂದು ಕೇಳುವವರಿಗೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ಸಾಕು. 2019–21ರ ಆ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವಯಸ್ಸಿನ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿರುವುದಾಗಿ ಹೇಳಿದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 20.6 ಇತ್ತು. ಹಿಂಸೆಗೆ ಒಳಗಾದವರಲ್ಲಿ ಯಾರ ಬಳಿಯಾದರೂ ನೆರವು ಕೇಳಿದವರು ದೇಶದಲ್ಲಿ ಶೇ. 14ರಷ್ಟು ಮಾತ್ರ. ಆ ಕೆಲವರಲ್ಲಿ ಸಂರಕ್ಷಣಾಧಿಕಾರಿಯನ್ನು ಕಂಡು, ಅರ್ಜಿ ಹಾಕಿ, ಅಲೆದು, ಆದೇಶ ಪಡೆದು ಹೊರಬಂದವಳು ಎಷ್ಟು ದೂರ ನಡೆದು ಬಂದಿದ್ದಾಳೆ ಎಂದು ಯೋಚಿಸಿ. ಅಂಥವಳನ್ನು ಪ್ರತಿ ಎಲ್ಲಿ ಎಂದು ಕೇಳಿ ವಾಪಸು ಕಳುಹಿಸುವ ಅಧಿಕಾರಿ ಆಕೆಯ ಅಷ್ಟೂ ನಡಿಗೆಯನ್ನು ವ್ಯರ್ಥ ಮಾಡುತ್ತಾನೆ.

ನಾನು ಹೇಳಿದ ಯಾವುದಕ್ಕೂ ಕಾಯ್ದೆಯ ತಿದ್ದುಪಡಿ ಬೇಕಾಗಿಲ್ಲ. ಸಾರಪತ್ರಕ್ಕೆ ಉಚ್ಚ ನ್ಯಾಯಾಲಯದ ಒಂದು ಸುತ್ತೋಲೆ ಸಾಕು. ನಕಲು ಇಲ್ಲವೆಂದು ದೂರು ನಿರಾಕರಿಸಬಾರದು ಎಂಬುದಕ್ಕೆ ಪೊಲೀಸ್ ಮಹಾನಿರ್ದೇಶಕರ ಒಂದು ಸುತ್ತೋಲೆ ಸಾಕು. ಈ ಎರಡನ್ನೂ ಮಾಡುವಂತೆ ಈ ವೇದಿಕೆಯಿಂದ ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ಅವು ಬರುವವರೆಗೆ ವಕೀಲ ಬಂಧುಗಳಲ್ಲಿ ನನ್ನದೊಂದು ಕೋರಿಕೆ. ಆದೇಶವಾದ ದಿನವೇ ನಕಲು ಅರ್ಜಿ ಹಾಕಿ. ನಾಲ್ಕೈದು ದೃಢೀಕೃತ ಪ್ರತಿ ತೆಗೆಸಿ. ಆಕೆ ವಾಸಿಸುವ ಸರಹದ್ದಿನ ಠಾಣೆಗೆ ನೀವೇ ಜೊತೆಯಲ್ಲಿ ಹೋಗಿ ಒಂದನ್ನು ಕೊಟ್ಟು ಸ್ವೀಕೃತಿ ಪಡೆಯಿರಿ. ಶುಲ್ಕ ಕೊಡಲಾಗದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, 15100ಕ್ಕೆ ಕರೆ ಮಾಡಿದರೆ ನೆರವು ಸಿಗುತ್ತದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಈ ಮೂರು ಸಂಖ್ಯೆಗಳನ್ನು ಆಕೆಯ ಪ್ರತಿಯ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಡಿ.